ಮುರಿದ ಕಲ್ಲಿನ ಆಲೋಚನೆ

ಗೃಹಸ್ಥನ ಬದುಕು ಹಿಂಸೆಯಿಂದ ಪೂರ್ಣವಾಗಿ ಮುಕ್ತವಾಗಲಾರದೆಂಬುದನ್ನು ಜೈನಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಒಲೆ ಉರಿಯಬೇಕು, ನೀರು ಸೇದಬೇಕು, ಹೊಲ ಉಳಬೇಕು, ತಲೆಯ ಮೇಲೊಂದು ಸೂರು ಬೇಕು. ಆದುದರಿಂದಲೇ ಮುನಿಗಳಿಗೆ ಮಹಾವ್ರತಗಳನ್ನೂ ಶ್ರಾವಕರಿಗೆ ಅಣುವ್ರತಗಳನ್ನೂ ವಿಧಿಸಿದರು. ಆದರೆ ಈ ರಿಯಾಯಿತಿಯ ಬೆನ್ನಿಗೇ ಅನರ್ಥದಂಡವ್ರತವೆಂಬ ಒಂದು ಕಟ್ಟನ್ನೂ ಹಾಕಿದರು. ಪ್ರಯೋಜನವಿಲ್ಲದೆ ಮಾಡುವ ಹಾನಿಯೇ ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಒಂದು; ಸುಮ್ಮಸುಮ್ಮನೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡವನ್ನು ಕಡಿಯುವುದು ಇವೆಲ್ಲವೂ ಅದರಲ್ಲಿ ಸೇರುತ್ತವೆ. ಪ್ರವಚನದಲ್ಲಿ ಇದನ್ನು ಕೇಳುವಾಗ ಎಲ್ಲರೂ ತಲೆದೂಗುತ್ತಾರೆ. ಇಷ್ಟು ಸಣ್ಣ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂಬ ನೆಮ್ಮದಿ ಆ ತಲೆದೂಗುವಿಕೆಯಲ್ಲಿ ಇರುತ್ತದೆ.

ಬಳ್ಳಾರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯರಾಗಿದ್ದು ನಿವೃತ್ತರಾದ ಶ್ರಾವಕರೊಬ್ಬರಿಗೂ ಆ ನೆಮ್ಮದಿ ಇತ್ತು. ಅವರ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು. ಅದರಲ್ಲಿ ಶಾಸ್ತ್ರಗ್ರಂಥಗಳು, ತೀರ್ಥಯಾತ್ರೆಯ ಪಟಗಳು, ಬೀಳ್ಕೊಡುಗೆಯ ದಿನ ಮಕ್ಕಳು ಕೊಟ್ಟ ನೆನಪಿನ ಕಾಣಿಕೆಗಳು. ಇವುಗಳ ನಡುವೆ ಒಂದು ಕಲ್ಲಿನ ತುಂಡು: ನಸುಗಂದು ಬಣ್ಣದ್ದು, ಎಂಟು ಸೆಂಟಿಮೀಟರ್ ಉದ್ದದ್ದು, ಒಂದು ಕಡೆ ಮೊನಚು. ಭೂಗೋಳದ ಪಾಠದಲ್ಲಿ ಸ್ಟ್ಯಾಲಕ್ಟೈಟ್ ಎಂದು ಕರೆಯುವ ಸುಣ್ಣದ ತೊಂಗಲು ಅದು. ‘ಬೆಲುಂ ಗುಹೆ, 1985, ಸಂಗ್ರಹ’ ಎಂದು ಅದರ ಕೆಳಗೆ ಮುದ್ದಾದ ಅಕ್ಷರಗಳಲ್ಲಿ ಬರೆದ ಚೀಟಿ. ಮನೆಗೆ ಬಂದವರು ಕೇಳಿದರೆ, “ಗುಹೆಯ ನೆಲದಲ್ಲಿ ತಾನಾಗಿ ಬಿದ್ದಿತ್ತು, ಎತ್ತಿಕೊಂಡು ಬಂದೆ” ಎಂದು ಅವರು ಹೇಳುತ್ತಿದ್ದರು. ಶಾಲೆಯ ಭೂಗೋಳ ಉಪಾಧ್ಯಾಯರೂ ಅದನ್ನು ಎರವಲು ಒಯ್ದು ಮಕ್ಕಳಿಗೆ ತೋರಿಸುತ್ತಿದ್ದರು. ಮೂವತ್ತೆಂಟು ವರ್ಷ ಹೇಳಿದ ಮಾತು ಹೇಳುವವರಿಗೇ ನಿಜವೆನಿಸತೊಡಗಿತ್ತು.

2023ರ ಡಿಸೆಂಬರಿನಲ್ಲಿ ಈ ದಂಪತಿಗಳು ಹತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಆಂಧ್ರಪ್ರದೇಶದ ಕೊನಕೊಂಡ್ಲಕ್ಕೆ ಹೋದರು. ಗುಂತಕಲ್ಲಿಗೆ ಸಮೀಪದ ಈ ಊರು ಕುಂದಕುಂದಾಚಾರ್ಯರ ಜನ್ಮಸ್ಥಳವೆಂಬುದು ಪರಂಪರೆಯ ನಂಬಿಕೆ. ಅಲ್ಲಿಯ ರಸಸಿದ್ಧುಲ ಗುಟ್ಟ ಎಂಬ ಬಂಡೆಗುಡ್ಡದ ಮೇಲೆ ಪ್ರಾಚೀನ ಜಿನಬಿಂಬಗಳಿವೆ. ದರ್ಶನ ಮುಗಿಸಿ, ತಾಡಿಪತ್ರಿಯ ದಾರಿಯಾಗಿ ಬೆಲುಂ ಗುಹೆಯನ್ನೂ ನೋಡಿಕೊಂಡು ಬರಬೇಕೆಂಬುದು ಮೊಮ್ಮಗಳ ಆಸೆ. ಅವಳು ಬೀರುವಿನಲ್ಲಿದ್ದ ಆ ಕಲ್ಲನ್ನು ಯಾರಿಗೂ ಹೇಳದೆ ಕರವಸ್ತ್ರದಲ್ಲಿ ಸುತ್ತಿ ತನ್ನ ಚೀಲದಲ್ಲಿ ಇಟ್ಟುಕೊಂಡಿದ್ದಳು. ತಾತನ ಕಲ್ಲು ಗುಹೆಯ ಯಾವ ಭಾಗದ್ದೆಂದು ಹೊಂದಿಸಿ ನೋಡುವ ಕುತೂಹಲ ಅವಳಿಗೆ.

ಬೆಲುಂ ಇರುವುದು ಇಂದಿನ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ. ಬೆಟ್ಟದ ಗುಹೆಯನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ಆಶ್ಚರ್ಯವಾಗುತ್ತದೆ. ಸುತ್ತಲೂ ಸಮತಟ್ಟಾದ ಬಯಲು. ಆ ಬಯಲಿನ ನಡುವೆ ಹಾಳುಬಾವಿಯಂತೆ ಕಾಣುವ ಒಂದು ಕುಳಿ. ಅದರೊಳಗೆ ಮೆಟ್ಟಿಲಿಳಿದರೆ ಗುಹೆಯ ಬಾಯಿ. ಬಿಲ ಎಂಬ ಮಾತಿನಿಂದಲೇ ಈ ಹೆಸರು ಬಂದಿತೆನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು 1884ರಲ್ಲಿ ಗುರುತಿಸಿದರು. ಸುಮಾರು ಒಂದು ಶತಮಾನದ ಬಳಿಕ, 1982 ಮತ್ತು 1983ರಲ್ಲಿ, ಡೇನಿಯಲ್ ಗೆಬಾಯರ್ ಅವರ ನೇತೃತ್ವದ ಜರ್ಮನ್ ತಂಡವು ಒಳಹೊಕ್ಕು ಅಳತೆ ಮಾಡಿತು. ಗುಹೆಯ ಒಟ್ಟು ಉದ್ದ 3,229 ಮೀಟರ್. ಆಂಧ್ರಪ್ರದೇಶದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 1999ರಿಂದ ಅದನ್ನು ಹಸನುಗೊಳಿಸಿ, ಹಾದಿ ಮಾಡಿ, ದೀಪ ಹಾಕಿ, ಗಾಳಿ ಇಳಿಯಲು ಮೇಲಿನಿಂದ ರಂಧ್ರಗಳನ್ನು ಕೊರೆದು, 2002ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಈಗ ನೋಡಲು ಸಿಗುವುದು ಸುಮಾರು ಒಂದೂವರೆ ಕಿಲೋಮೀಟರ್ ದೂರ. ಉಪಾಧ್ಯಾಯರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಬಂದಾಗ ಇವಾವುದೂ ಇರಲಿಲ್ಲ. ಬಾಯಿಯ ಬಳಿ ಕಸದ ರಾಶಿ, ಒಳಗೆ ಕಗ್ಗತ್ತಲು, ಕೈಯಲ್ಲಿ ಒಂದು ಲಾಟೀನು ಮತ್ತು ಎರಡು ಟಾರ್ಚು.

ಹತ್ತಾರು ಮಂದಿಯ ಗುಂಪಿನೊಡನೆ ಅವರು ಒಳಗಿಳಿದರು. ಮಾರ್ಗದರ್ಶಿ ನೆರೆಯ ಊರಿನ ಯುವಕ, ತೆಲುಗಿನಲ್ಲಿ ಹೇಳುತ್ತಿದ್ದ. ಬಳ್ಳಾರಿಯ ಕಡೆಯವರಿಗೆ ಅದು ತಿಳಿಯದ ಭಾಷೆಯೇನಲ್ಲ. ಹೊರಗಿನ ಚಳಿ ನಾಲ್ಕು ಹೆಜ್ಜೆಗೇ ಮರೆಯಾಗಿ ಒಳಗಿನ ಸೆಕೆ ಮೈಗೆ ಅಂಟಿಕೊಂಡಿತು. ಬಾಯಿಗೆ ಸಮೀಪದಲ್ಲಿಯೇ ಧ್ಯಾನಮಂದಿರವೆಂದು ಹೆಸರಾದ ಜಾಗ. ಕಲ್ಲು ಅಲ್ಲಿ ದಿಂಬಿಟ್ಟ ಹಾಸಿಗೆಯ ಆಕಾರ ತಳೆದಿದೆ. ಹಿಂದೆ ಜೈನ ಮತ್ತು ಬೌದ್ಧ ಸಾಧುಗಳು ಇಲ್ಲಿ ವಾಸಿಸಿದ್ದರೆಂದು ಮಾರ್ಗದರ್ಶಿ ಹೇಳಿದಾಗ ಉಪಾಧ್ಯಾಯರ ಧರ್ಮಪತ್ನಿ ಕೈ ಜೋಡಿಸಿದರು.

“ತಾತ, ಮುನಿಗಳು ಇಲ್ಲಿ ಇದ್ದಾಗ ದೀಪ ಇರಲಿಲ್ಲವಲ್ಲ?” ಎಂದಳು ಮೊಮ್ಮಗಳು.

“ಅವರಿಗೆ ಬೇಕಿರಲಿಲ್ಲ, ಪುಟ್ಟಿ” ಎಂದು ತಾತ ಹೇಳಿದರು.

ಕಪ್ಪು ಪದರಗಳು ಒಂದರ ಮೇಲೊಂದು ಅಡುಕಿದಂತಿದ್ದ ಗೋಡೆಯನ್ನು ತೋರಿಸಿ ಮಾರ್ಗದರ್ಶಿ, ಮನೆಮನೆಯಲ್ಲಿ ಹಾಸುವ ಕಡಪಾ ಕಲ್ಲು ಇದೇ ಬಗೆಯ ಸುಣ್ಣಗಲ್ಲೆಂದು ವಿವರಿಸಿದ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಿರುಕುಗಳಲ್ಲಿ ಇಳಿಯುತ್ತ ಸುಣ್ಣಗಲ್ಲನ್ನು ಕರಗಿಸುತ್ತದೆ. ಭೂಮಿಯೊಳಗೆ ಹರಿದ ನೀರು ಹೀಗೆಯೇ ಲಕ್ಷಾಂತರ ವರ್ಷಗಳಲ್ಲಿ ಈ ಹಾದಿಗಳನ್ನು ಕೊರೆಯಿತು. ಅನಂತರ ಗುಹೆಯ ಮಾಡಿನಿಂದ ತೊಟ್ಟಿಕ್ಕುವ ಹನಿ ತನ್ನಲ್ಲಿದ್ದ ಅನಿಲವನ್ನು ಗುಹೆಯ ಗಾಳಿಗೆ ಬಿಟ್ಟುಕೊಟ್ಟಾಗ, ಕರಗಿದ್ದ ಸುಣ್ಣದ ಒಂದು ಕಣ ಮಾಡಿನಲ್ಲೇ ಉಳಿಯುತ್ತದೆ. ಹನಿಯ ಮೇಲೆ ಹನಿ ಬಿದ್ದು, ಕಣಕ್ಕೆ ಕಣ ಸೇರಿ, ತೊಂಗಲು ಇಳಿಯುತ್ತದೆ.

“ಎಷ್ಟು ಬೇಗ ಬೆಳೆಯುತ್ತದೆ, ಅಣ್ಣ?” ಎಂದು ಹುಡುಗಿ ಕೇಳಿದಳು.

“ಒಂದೊಂದು ಕಡೆ ಒಂದೊಂದು ತರಹ, ಪಾಪ. ಸರಾಸರಿ ಹಿಡಿದರೆ ಒಂದು ಮಿಲಿಮೀಟರಿಗೆ ಹತ್ತು ವರ್ಷ ಅನ್ನುತ್ತಾರೆ.”

ಉಪಾಧ್ಯಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎಂಟು ಸೆಂಟಿಮೀಟರೆಂದರೆ ಎಂಬತ್ತು ಮಿಲಿಮೀಟರು. ಅದಕ್ಕೆ ಎಂಟುನೂರು ವರ್ಷ. ಕನ್ನಡ ಕಲಿಸಿದವರಿಗೆ ಶತಮಾನಗಳು ಕವಿಗಳ ಹೆಸರಿನಿಂದಲೇ ನೆನಪಾಗುವುದು ವಾಡಿಕೆ. ಜನ್ನನು ಯಶೋಧರಚರಿತೆಯನ್ನು ಬರೆದುದು 1209ರಲ್ಲಿ. ಆ ಕಾವ್ಯ ಹುಟ್ಟಿದ ಕಾಲದಲ್ಲಿ ಯಾವುದೋ ಮಳೆಗಾಲದ ಒಂದು ಹನಿ ಈ ಕತ್ತಲಲ್ಲಿ ತೂಗಿ ಬಿದ್ದಿರಬೇಕು. ಅಂದು ಮೊದಲಾದ ಕೆಲಸ ಎಂಟು ಶತಮಾನ ನಡೆದು, ಒಂದು ಮಧ್ಯಾಹ್ನ ಅರ್ಧ ನಿಮಿಷದಲ್ಲಿ ಮುಗಿದಿತ್ತು.

ಅಲ್ಲಿಂದ ಮುಂದೆ ಸಪ್ತಸ್ವರಗಳ ಗುಹೆಯೆಂಬ ಜಾಗ. ಅಲ್ಲಿಯ ತೊಂಗಲುಗಳನ್ನು ಬೆರಳಿನ ಗೆಣ್ಣಿನಿಂದಾಗಲಿ ಮರದ ಕಡ್ಡಿಯಿಂದಾಗಲಿ ತಟ್ಟಿದರೆ ಲೋಹದಂತಹ ನಾದ ಹೊರಡುತ್ತದೆ. ಗುಂಪಿನಲ್ಲಿದ್ದ ಯಾರೋ ಒಬ್ಬರು ಮೆಲ್ಲಗೆ ತಟ್ಟಿದರು. ಕಂಚಿನ ತಟ್ಟೆಯ ಅಂಚಿಗೆ ಉಗುರು ತಾಗಿದಂತಹ ಒಂದು ಸ್ವರ ಗುಹೆಯಲ್ಲಿ ಹರಡಿತು. ಎಲ್ಲರೂ ಸಂತೋಷದಿಂದ ನಕ್ಕರು. ಉಪಾಧ್ಯಾಯರು ನಗಲಿಲ್ಲ. 1985ರಲ್ಲಿ ಅವರು ಒಂದು ಗುಂಡುಕಲ್ಲಿನಿಂದ ತೊಂಗಲಿನ ಬುಡಕ್ಕೆ ಹೊಡೆದಾಗ ಕೇಳಿಸಿದುದೂ ಇದೇ ಸ್ವರ. ಎರಡನೆಯ ಪೆಟ್ಟಿಗೆ ಸ್ವರ ಒಡೆದಿತ್ತು. ಮೂರನೆಯದಕ್ಕೆ ಕಲ್ಲು ಕೈಗೆ ಬಂದಿತ್ತು. ಗೆಳೆಯರು ಭೇಷ್ ಎಂದಿದ್ದರು.

ಅದೇ ಹೊತ್ತಿಗೆ ಮೊಮ್ಮಗಳು ಚೀಲದಿಂದ ಕರವಸ್ತ್ರದ ಗಂಟನ್ನು ತೆಗೆದು ಬಿಚ್ಚಿದಳು. “ಅಣ್ಣ, ಇದು ಇಲ್ಲಿಯದೇ. ನಮ್ಮ ತಾತನಿಗೆ ನೆಲದಲ್ಲಿ ಬಿದ್ದದ್ದು ಸಿಕ್ಕಿತ್ತು. ಬಿದ್ದದ್ದನ್ನು ತೆಗೆದುಕೊಂಡರೆ ತಪ್ಪಲ್ಲ, ಅಲ್ಲವಾ? ನಾನೂ ಒಂದು ಹುಡುಕಲಾ?”

ಮಾರ್ಗದರ್ಶಿ ಕಲ್ಲನ್ನು ಕೈಗೆ ತೆಗೆದುಕೊಂಡು ದೀಪದ ಕಡೆ ಹಿಡಿದು ತಿರುಗಿಸಿದ. ಮೊನಚಾದ ತುದಿಯನ್ನು ನೋಡಿದ. ಆಮೇಲೆ ಇನ್ನೊಂದು ತುದಿಯನ್ನು ನೋಡಿದ. ಅಲ್ಲಿ ಪೆಟ್ಟು ಬಿದ್ದ ಗುರುತುಗಳು ಸ್ಪಷ್ಟವಾಗಿದ್ದವು. ದಿನವೂ ಇದೇ ಕಲ್ಲುಗಳ ನಡುವೆ ಓಡಾಡುವವನ ಕಣ್ಣಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಅವನು ಉಪಾಧ್ಯಾಯರ ಮುಖವನ್ನು ಒಮ್ಮೆ ನೋಡಿ, ಏನೂ ಆಡದೆ, ಕಲ್ಲನ್ನು ಹುಡುಗಿಯ ಕೈಗೆ ಹಿಂದಿರುಗಿಸಿದ. ಹಿರಿಯರ ಮಾನ ಕಾಯುವ ಸೌಜನ್ಯ ಅದು. ಅಲ್ಲಿಗೆ ಮಾತು ಮುಗಿಸಬಹುದಾಗಿತ್ತು. “ಮುಂದೆ ನಡಿ, ಪುಟ್ಟಿ” ಎಂಬ ಮೂರು ಮಾತು ಸಾಕಾಗಿತ್ತು.

ಆದರೆ ಮಗುವಿನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ. ಉತ್ತರ ಕೊಡದೆ ಹೋದರೆ ಅವಳು ಅದನ್ನು ಒಪ್ಪಿಗೆಯೆಂದೇ ತಿಳಿಯುತ್ತಾಳೆ, ನೆಲದಲ್ಲಿ ಹುಡುಕುತ್ತಾಳೆ, ನೆಲದಲ್ಲಿ ಸಿಗದಿದ್ದರೆ ಮಾಡಿನ ಕಡೆ ನೋಡುತ್ತಾಳೆ. ತಾವು ಕಲಿಸಿದ ನೂರಾರು ಪಾಠಗಳ ಸಾಲಿಗೆ ಇದೂ ಒಂದು ಪಾಠವಾಗಿ ಸೇರುತ್ತದೆಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು.

“ಅದು ಬಿದ್ದದ್ದಲ್ಲಮ್ಮ” ಎಂದರು ಅವರು. “ನಾನು ಮುರಿದದ್ದು. ಕಲ್ಲಿನಿಂದ ಹೊಡೆದು ಮುರಿದೆ. ಇಷ್ಟು ವರ್ಷ ಎಲ್ಲರಿಗೂ ಸುಳ್ಳು ಹೇಳಿದೆ. ನಿನಗೂ ಹೇಳಿದೆ.”

ಕನ್ನಡದಲ್ಲಿ ಹೇಳಿದುದನ್ನು ಮತ್ತೆ ತೆಲುಗಿನಲ್ಲಿ ಗುಂಪಿಗೆಲ್ಲ ಕೇಳುವಂತೆ ಹೇಳಿದರು. ಯಾರೂ ಮಾತಾಡಲಿಲ್ಲ. ತೊಂಗಲನ್ನು ತಟ್ಟಿದ್ದವರು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು. ಹುಡುಗಿ ತಾತನನ್ನೂ ಕಲ್ಲನ್ನೂ ನೋಡಿ, “ಯಾಕೆ ಮುರಿದಿರಿ, ತಾತ?” ಎಂದಳು. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಅಂತಹ ಕಾರ್ಯವನ್ನೇ ಶಾಸ್ತ್ರವು ಅನರ್ಥವೆಂದು ಕರೆಯುವುದು.

ಪಾತಾಳಗಂಗೆಯು ಗುಹೆಯ ಅತ್ಯಂತ ಆಳದ ತಾಣ, ನೆಲಮಟ್ಟದಿಂದ ಸುಮಾರು 46 ಮೀಟರ್ ಕೆಳಗೆ. ಅಲ್ಲಿ ಒಂದು ಸಣ್ಣ ನೀರಹರಿವು ಕಲ್ಲಿನ ಸಂದಿಯಲ್ಲಿ ಕಾಣಿಸಿಕೊಂಡು ಮತ್ತೆ ಭೂಮಿಯೊಳಗೆ ಮರೆಯಾಗುತ್ತದೆ. ಕಡಿದಾದ ಮೆಟ್ಟಿಲುಗಳನ್ನು ಇಳಿಯುತ್ತ ಉಪಾಧ್ಯಾಯರು ಮಾರ್ಗದರ್ಶಿಯನ್ನು ಕೇಳಿದರು: “ಇದನ್ನು ಮತ್ತೆ ಅಲ್ಲೇ ಅಂಟಿಸಲು ಆಗುತ್ತದೆಯೇ?”

“ಆ ಜಾಗ ನಿಮಗೆ ಗೊತ್ತೇ ಸಾರ್?”

ಗೊತ್ತಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ಕಂಡ ಮೂಲೆ ವಿದ್ಯುದ್ದೀಪಗಳಲ್ಲಿ ಯಾವುದೆಂದು ತಿಳಿಯುವಂತಿರಲಿಲ್ಲ. ಮುರಿದ ಬುಡಗಳು ಅಲ್ಲಲ್ಲಿ ಕಾಣುತ್ತಿದ್ದವು. ಅವುಗಳಲ್ಲಿ ಯಾವುದು ತಮ್ಮದೆಂದು ಹೇಳುವುದು? “ಅಂಟಿಸಿದರೂ ಅದು ಅಂಟಿಸಿದ್ದೇ ಸಾರ್. ನೀರು ಇನ್ನೂ ಇಳಿಯುತ್ತಿದ್ದರೆ ಮುರಿದ ಜಾಗದಿಂದಲೇ ಮತ್ತೆ ಬೆಳೆಯುತ್ತದೆ. ನಾವು ಯಾರೂ ನೋಡುವುದಿಲ್ಲ, ಅಷ್ಟೇ” ಎಂದು ಆ ಯುವಕ ಹೇಳಿದ. ಹೊರಗೆ ಬಂದ ಮೇಲೆ ಕಲ್ಲಿನ ತುಂಡನ್ನು ಅವನ ಕೈಗೇ ಒಪ್ಪಿಸಿ, ಕೈ ಮುಟ್ಟಲು ಹೋಗುವವರಿಗೆ ಇದರ ಮುರಿದ ತುದಿಯನ್ನು ತೋರಿಸಬೇಕೆಂದು ಕೇಳಿಕೊಂಡರು.

ಮರಳುವಾಗ ದಾರಿಯಲ್ಲಿ ಧರ್ಮಪತ್ನಿ ಒಂದು ಸಂದೇಹವನ್ನೆತ್ತಿದರು. “ನಮ್ಮ ಅಡುಗೆಮನೆಯ ಕಟ್ಟೆ ಕಡಪಾ ಕಲ್ಲಿನದು. ಅದನ್ನೂ ನೆಲದಿಂದ ಸೀಳಿಯೇ ತಂದಿದ್ದಲ್ಲವೆ? ಅದಕ್ಕೆ ಇಲ್ಲದ ಪಾಪ ಈ ಬೆರಳುದ್ದದ ತುಂಡಿಗೆ ಹೇಗೆ ಬಂತು?” ಪ್ರಶ್ನೆ ನ್ಯಾಯವಾದುದೇ. ಜೈನಶಾಸ್ತ್ರವು ಪೃಥ್ವಿಯನ್ನೂ ಏಕೇಂದ್ರಿಯ ಜೀವಗಳ ಕಾಯವೆಂದು ಎಣಿಸುವುದರಿಂದ, ಕಟ್ಟೆಯ ಕಲ್ಲೂ ದೋಷರಹಿತವೆಂದು ಹೇಳಲಾಗದು. ಆದರೆ ಅದು ಮನೆವಾರ್ತೆಗೆ ಅನಿವಾರ್ಯವಾದ ಆರಂಭದ ಹಿಂಸೆ. ಅದಕ್ಕೆ ಮಿತಿಯಿದೆ, ಬೆಲೆ ಕೊಟ್ಟು ಪಡೆದ ಋಜುತ್ವವಿದೆ, ಅದರ ಮೇಲೆ ದಿನವೂ ಅನ್ನ ಬೇಯುತ್ತದೆ. ತೊಂಗಲಿನ ತುಂಡಿಗೆ ಇವಾವುದರ ಆಸರೆಯೂ ಇಲ್ಲ. ಮಕ್ಕಳಿಗೆ ಪಾಠಕ್ಕೆ ಉಪಯೋಗವಾಯಿತಲ್ಲ ಎಂದು ಉಪಾಧ್ಯಾಯರು ಎಷ್ಟೋ ಬಾರಿ ತಮ್ಮನ್ನು ಸಮಾಧಾನಪಡಿಸಿಕೊಂಡಿದ್ದರು. ಆದರೆ ಮುರಿದದ್ದು ಮೊದಲು. ಪ್ರಯೋಜನ ಹುಡುಕಿದ್ದು ಆಮೇಲೆ. ಬಳಿಕ ದೊರೆತ ಪ್ರಯೋಜನವು ಮೊದಲಿನ ಪ್ರಮಾದವನ್ನು ತೊಳೆಯಲಾರದು.

ಕಲ್ಲಿಗೆ ನೋವಾಗುವುದೇ ಎಂದು ನಗುವವರೂ ಇದ್ದಾರೆ. ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆ ಅವನನ್ನೂ ತಾಯಿ ಚಂದ್ರಮತಿಯನ್ನೂ ಭವಭವಗಳಲ್ಲಿ ಅಲೆಸಿತು. ಆ ಕಥೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವರ ಬೀರುವಿನಲ್ಲೇ ಈ ಕಲ್ಲು ಕುಳಿತಿತ್ತು. ಏಟು ಯಾರಿಗೆ ಬಿತ್ತೆಂಬುದಷ್ಟೇ ಅಲ್ಲ, ಏಟು ಕೊಟ್ಟ ಕೈಗೆ ಏನಾಯಿತೆಂಬುದೂ ವಿಚಾರಣೀಯ. ಕೊಡದೆ ಇದ್ದುದನ್ನು ತೆಗೆದುಕೊಂಡ ಅದತ್ತಾದಾನ ಅದರ ಹಿಂದೆ ಬಂತು. ಅದನ್ನು ಮುಚ್ಚಲು ಅಸತ್ಯ ಬಂತು. ಬೀರುವಿನಲ್ಲಿಟ್ಟು ಮೆರೆಸಲು ಮಾನಕಷಾಯ ಬಂತು. ಸಣ್ಣದೆಂದು ಬಿಟ್ಟ ಒಂದು ದೋಷದ ಸುತ್ತ ಹನಿಹನಿಯಾಗಿ ಮಿಕ್ಕವು ಗಟ್ಟಿಯಾದವು.

ಬಸದಿಗಳನ್ನೂ ತೀರ್ಥಗಳನ್ನೂ ಕಾಯುವವರು ಕೂಡ ಇದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಫ್ರಾನ್ಸಿನ ಲಾಸ್ಕೋ ಗುಹೆಯ ಚಿತ್ರಗಳು ಸಾವಿರಾರು ವರ್ಷ ಕತ್ತಲಲ್ಲಿ ಕೆಡದೆ ಉಳಿದಿದ್ದವು. 1940ರಲ್ಲಿ ಅವು ಬೆಳಕಿಗೆ ಬಂದು, 1948ರಲ್ಲಿ ಜನರಿಗೆ ತೆರೆದ ಬಳಿಕ, ನೋಡಲು ಬಂದವರ ಉಸಿರು ಮತ್ತು ದೀಪದ ಬೆಳಕಿನಿಂದಲೇ ಕೆಡತೊಡಗಿದವು. 1963ರಲ್ಲಿ ಬಾಗಿಲು ಹಾಕಬೇಕಾಯಿತು. ಅಲ್ಲಿ ಯಾರಿಗೂ ದ್ವೇಷವಿರಲಿಲ್ಲ. ಇದ್ದುದು ಮೆಚ್ಚುಗೆ ಮಾತ್ರ. ಪ್ರಾಚೀನ ಶಿಲೆಯ ಮೇಲೆ ಹೆಸರು ಕೆತ್ತುವ ಯಾತ್ರಿಕನಿಗೂ, ಶಾಸನದ ಮೇಲೆ ಬಣ್ಣ ಬಳಿಸುವ ಉತ್ಸಾಹಿಗೂ ದ್ವೇಷವಿರುವುದಿಲ್ಲ. ಭಕ್ತಿ ಇದ್ದರೂ ಪ್ರಮಾದವು ಪ್ರಮಾದವೇ.

ಕುಂದಕುಂದಾಚಾರ್ಯರ ನಿಯಮಸಾರದಲ್ಲಿ ಪ್ರತಿಕ್ರಮಣ, ಪ್ರತ್ಯಾಖ್ಯಾನ, ಆಲೋಚನೆ, ಪ್ರಾಯಶ್ಚಿತ್ತಗಳಿಗೆ ಬೇರೆಬೇರೆ ಅಧಿಕಾರಗಳೇ ಇವೆ. ಕನ್ನಡದ ದಿನಬಳಕೆಯಲ್ಲಿ ಆಲೋಚನೆ ಎಂದರೆ ಯೋಚಿಸುವುದು. ಶಾಸ್ತ್ರದಲ್ಲಿ ಅದು ತನ್ನ ದೋಷವನ್ನು ಮರೆಮಾಚದೆ ಕಂಡು ಹೇಳಿಕೊಳ್ಳುವುದು. ಮೊದಲನೆಯದನ್ನು ಉಪಾಧ್ಯಾಯರು ಮೂವತ್ತೆಂಟು ವರ್ಷ ಮಾಡಿದ್ದರು. ಎರಡನೆಯದಕ್ಕೆ ಹಿಡಿದುದು ಒಂದು ನಿಮಿಷ. ಕಲ್ಲು ಮತ್ತೆ ಮಾಡಿಗೆ ಸೇರಲಿಲ್ಲ. ಸುಳ್ಳು ಮಾತ್ರ ಮನೆಯಿಂದ ಹೊರಟಿತು.

ಅವರ ಬೀರುವಿನಲ್ಲಿ ಆ ಜಾಗ ಈಗಲೂ ಖಾಲಿಯಾಗಿದೆ. ಬೇರೆ ಏನನ್ನೂ ಅಲ್ಲಿ ಇಟ್ಟಿಲ್ಲ. ಚೀಟಿ ಮಾತ್ರ ಹಾಗೆಯೇ ಇದೆ. ‘ಸಂಗ್ರಹ’ ಎಂಬ ಮಾತನ್ನು ಹೊಡೆದು ಹಾಕಿ, ಅದರ ಮುಂದೆ ಮೊಮ್ಮಗಳ ದುಂಡನೆಯ ಅಕ್ಷರದಲ್ಲಿ ‘ಮುರಿದು ತಂದದ್ದು, ಹಿಂದಿರುಗಿಸಿದೆ’ ಎಂದು ಬರೆಸಿದ್ದಾರೆ. ಬಂದವರು ಕೇಳಿದರೆ ಈಗಲೂ ಕಥೆ ಹೇಳುತ್ತಾರೆ. ಮೊದಲಿನದಕ್ಕಿಂತ ಅದು ಸ್ವಲ್ಪ ಉದ್ದವಾಗಿದೆ.